ಹೊರಟವರನ್ನು ಕೇಳಬಾರದು

ಅರ್ಥವಾಯಿತಾ ಎಂದರೆ "ಆಯ್ತು ಮೇಡಂ" ಎನ್ನುವ ಮಕ್ಕಳಿಗೆ ಪಾಠ ಹೇಳುತ್ತಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಈ ತೆಂಗಿನ ಸೀಮೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಯಾವ ಊರಿನ ಕಾಲೇಜು ಎಂದು ಹೇಳುವುದಿಲ್ಲ, ಇನ್ನೂ ಅಲ್ಲೇ ಸಂಬಳ ತಿನ್ನುತ್ತಿದ್ದೇನೆ. ತಿಪಟೂರಿನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ನನ್ನ ಕೋಪ ಕಾಲೇಜಿಗೆಲ್ಲ ಗೊತ್ತು, ಬಸ್ಸಿನ ಕಂಡಕ್ಟರಿಗೂ ಗೊತ್ತು. ನನ್ನ ಕೋಪಕ್ಕೆ ಬಗ್ಗದೇ ಇದ್ದದ್ದು ಈ "ಆಯ್ತು ಮೇಡಂ" ಒಂದೇ. ಇಡೀ ತರಗತಿ ಕೋಲೆಬಸವನ ಹಾಗೆ ತಲೆಯಾಡಿಸುತ್ತದೆ. ಪರೀಕ್ಷೆಯ ಉತ್ತರ ನೋಡಿದರೆ ಗೈಡಿನ ಸಾಲುಗಳು, ಅವೂ ನೆನಪು ಕೈಕೊಟ್ಟಲ್ಲಿ ಅರ್ಧಕ್ಕೆ ನಿಂತಿರುತ್ತವೆ.

ನಮ್ಮ ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. ಯಾರೂ ಒಲ್ಲೆವೆಂದ ಕೆಲಸವನ್ನು ನಗುನಗುತ್ತಲೇ ನನ್ನ ತಲೆಗೆ ಕಟ್ಟುತ್ತಾರೆ. ಒಂದು ವರ್ಷ ಮೇಲಿನಿಂದ ಆದೇಶ ಬಂತು, ವಿದ್ಯಾರ್ಥಿಗಳಿಗೆ ಕಲಿಯುವ ಕೌಶಲ ಹೇಳಿಕೊಡಬೇಕಂತೆ. ಶನಿವಾರದ ಕೊನೆಯ ಪೀರಿಯಡ್ಡು, ಎಲ್ಲರ ಕಣ್ಣೂ ಬಸ್‌ಸ್ಟ್ಯಾಂಡಿನ ಕಡೆ ಇರುವ ಹೊತ್ತು, ಅದು ನನ್ನ ಪಾಲಿಗೆ ಬಂತು. ಜೊತೆಗೊಂದು ಪುಸ್ತಕ ಕೊಟ್ಟರು. ಬೆಳಗಿನ ಜಾವ ಎದ್ದು ಕಣ್ಣು ಮುಚ್ಚಿ ನಿಮ್ಮ ಗುರಿಯನ್ನು ನೆನೆಯಿರಿ ಎಂದು ಅದರಲ್ಲಿ ಬರೆದಿತ್ತು. ಬೆಳಗಿನ ಜಾವ ನಮ್ಮ ಹುಡುಗಿಯರು ಹಸುವಿನ ಕೆಚ್ಚಲಿಗೆ ಕೈಹಾಕಿ ಕೂತಿರುತ್ತಾರೆ, ಹುಡುಗರು ಕರೆಂಟು ಇರುವಾಗಲೇ ತೋಟಕ್ಕೆ ನೀರು ಬಿಡಲು ಹೋಗಿರುತ್ತಾರೆ. ಕಣ್ಣು ಮುಚ್ಚಿದರೆ ಮುಗಿಯಿತು! ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಅದರಲ್ಲಿ ಏನಿತ್ತೆಂದು ಹೇಳುವುದನ್ನು ಮೊದಲು ಮಾಡಿಸಿದೆ. ಕೇಳುತ್ತಾ ಕೇಳುತ್ತಾ ಬೇಕಾದಷ್ಟನ್ನೇ ಬರೆದುಕೊಳ್ಳುವುದನ್ನು ಮಾಡಿಸಿದೆ. ಬರೆಯುವ ಮುಂಚೆ ಪ್ರಶ್ನೆಯನ್ನು ಎರಡು ಸಲ ಓದಿಸಿದೆ. ಅಷ್ಟರಮಟ್ಟಿಗೆ ಹುಡುಗರು ದಾರಿಗೆ ಬಂದರು. ಗೊತ್ತಾಗದಿದ್ದರೆ ಕೇಳಿ ಎಂದೆನಲ್ಲ, ಅಲ್ಲಿ ಮಾತ್ರ ಗಾಡಿ ಕೆಸರಿಗೆ ಬಿತ್ತು.

ಒಂದು ಶನಿವಾರ ನನಗೆ ರೇಗಿಹೋಯಿತು. ಬೇಕೆಂದೇ ತಪ್ಪು ಪಾಠ ಮಾಡಿದೆ. ಒಂದು ರಾಜವಂಶದಲ್ಲಿ ಮಗ ಸತ್ತ ಮೇಲೆ ಅಪ್ಪ ಪಟ್ಟಕ್ಕೆ ಬಂದ, ಅಪ್ಪ ಸತ್ತ ಮೇಲೆ ತಾತ ಬಂದ ಎಂದೆ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಮೂರನೇ ಬೆಂಚಿನ ಒಬ್ಬಳು ಮಾತ್ರ ಪೆನ್ನು ಎತ್ತಿ ಹಿಡಿದು ಸುಮ್ಮನೆ ಕೂತಿದ್ದಳು. ಏನಮ್ಮಾ ಬರೆದುಕೊಳ್ಳಲಿಲ್ಲ ಎಂದರೆ ಎದ್ದು ನಿಂತಳೇ ಹೊರತು ಬಾಯಿ ಬಿಡಲಿಲ್ಲ. ಬೆಲ್ ಹೊಡೆದ ಮೇಲೆ ಬಾಗಿಲ ಹತ್ತಿರ ಬಂದು, ಅದು ಹೇಗೆ ಸಾಧ್ಯ ಮೇಡಂ, ಎಂದು ಪಿಸುಗುಟ್ಟಿದಳು. ಅದನ್ನು ಅಲ್ಲೇ ಕೇಳುವುದಕ್ಕೆ ಏನಾಗಿತ್ತು, ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದೆಯಾ ಎಂದು ಬೈದೆ. ನೀವು ಹೇಳ್ತಾ ಇರುವಾಗ ಕೇಳಿದರೆ ಅಧಿಕಪ್ರಸಂಗ ಆಗುತ್ತಲ್ಲ ಎಂದಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ನಿಜವಾಗಿಯೂ ಹಾಗೆಂದೇ ನಂಬಿದ್ದಳು.

ಅವಳದೇನೂ ತಪ್ಪಲ್ಲ. ನಮ್ಮ ಕಡೆ ಮಕ್ಕಳಿಗೆ ಮಾತು ಬಂದ ಕೂಡಲೇ ಕಲಿಸುವುದು ಏನನ್ನು ಕೇಳಬಾರದು ಎನ್ನುವುದನ್ನು. ಹಿರಿಯರು ಮಾತಾಡುವಾಗ ನಡುವೆ ಕೇಳಬಾರದು. ಬಂದ ನೆಂಟರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ್ತಿಲು ದಾಟಿ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಲೇಬೇಕಿದ್ದರೆ "ದೂರವಾ?" ಅನ್ನಬೇಕು. ಹೊರಟವರೂ ಹೋಗುತ್ತೇನೆ ಎನ್ನುವುದಿಲ್ಲ, ಬತ್ತೀನಿ ಎನ್ನುತ್ತಾರೆ. ಯಾರಾದರೂ ಬಾಯಿತಪ್ಪಿ ಎಲ್ಲಿಗೆ ಎಂದುಬಿಟ್ಟರೆ, ಹೊರಟವರು ಒಳಗೆ ಬಂದು, ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡಿದು, ಮತ್ತೆ ಹೊರಡಬೇಕು. ಚಿಕ್ಕನಾಯಕನಹಳ್ಳಿಯ ತವರಿನಲ್ಲಿ ಈ ತಪ್ಪಿಗೆ ನನ್ನ ಬೆನ್ನಿಗೆ ಗುದ್ದು ಬಿದ್ದಿದೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೂ ಮನೆಯವರು ಚಪ್ಪಲಿ ಮೆಟ್ಟಿದಾಗ ನನ್ನ ಬಾಯಿಂದ ಬರುವುದು ದೂರವಾ ಎಂದೇ.

ಮುಂದಿನ ಶನಿವಾರದಿಂದ ಕಾನೂನು ಮಾಡಿದೆ. ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಕೇಳಬೇಕು, ಕೇಳದವರು ಮನೆಗೆ ಹೋಗುವ ಹಾಗಿಲ್ಲ. ಮೊದಮೊದಲು ಎಂಥೆಂಥ ಪ್ರಶ್ನೆಗಳು! ಬೆಲ್ ಯಾವಾಗ ಹೊಡೀತಾರೆ ಮೇಡಂ ಎಂದು ಒಬ್ಬ ಕೇಳಿದ. ನಿಮಗೆ ಇಷ್ಟು ಸಿಟ್ಟು ಯಾಕೆ ಎಂದು ದಬ್ಬೇಘಟ್ಟದ ಕಡೆಯ ಹುಡುಗನೊಬ್ಬ ಕೇಳಿ, ತಾನೇ ಹೆದರಿ ಬೆಂಚಿನ ಕೆಳಗೆ ಬಗ್ಗಿದ. ನಾನೂ ನಕ್ಕೆ. ನಿಧಾನಕ್ಕೆ ಪ್ರಶ್ನೆಗಳು ಪಾಠದೊಳಗೆ ಬಂದವು. ಕೆಲವು ನನಗೂ ಉತ್ತರ ಗೊತ್ತಿಲ್ಲದವು, ನೋಡಿಕೊಂಡು ಬಂದು ಹೇಳುತ್ತೇನೆ ಎನ್ನುತ್ತಿದ್ದೆ. ಮೇಷ್ಟ್ರಿಗೂ ಗೊತ್ತಿಲ್ಲದ್ದು ಇರುತ್ತದೆ ಎನ್ನುವುದೇ ಅವರಿಗೆ ದೊಡ್ಡ ಪಾಠವಾಯಿತು.

ಮೂರನೇ ಬೆಂಚಿನವಳು ದಂಡಿನಶಿವರದ ಆಚೆಯ ಒಂದು ಹಳ್ಳಿಯವಳು. ಸಣ್ಣದೊಂದು ತೆಂಗಿನ ತೋಟ, ಒಂದಿಷ್ಟು ರಾಗಿಯ ಹೊಲ, ಎರಡು ಹಸು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ, ಇವಳೊಬ್ಬಳೇ ಮಗಳು. ಮೊದಲ ವರ್ಷ ಎರಡು ವಿಷಯಗಳಲ್ಲಿ ಫೇಲಾಗಿದ್ದವಳು. ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಹೈಸ್ಕೂಲ್ ಮೇಡಂ ಆಗಬೇಕೆಂಬುದು ಅವಳ ಆಸೆ. ಅಜ್ಜಿಗೆ ಅದು ಬೇಕಿರಲಿಲ್ಲ, ಅಪ್ಪನಿಗೆ ಬೇಕಿತ್ತು. ಆತ ಒಮ್ಮೆ ಕಾಲೇಜಿಗೆ ಬಂದು, ಸ್ಟಾಫ್‌ರೂಮಿನ ಬಾಗಿಲಲ್ಲಿ ಟವೆಲ್ ಕೈಯಲ್ಲಿ ಹಿಡಿದು ನಿಂತು, ನನ್ನ ಮಗಳು ಮನೇಲೂ ಪ್ರಶ್ನೆ ಕೇಳಿ ಪ್ರಾಣ ತಿಂತಾಳೆ ಕಣ್ರೀ ಮೇಡಂ ಎಂದು ದೂರು ಕೊಡುವವನಂತೆ ಹೇಳಿದ್ದ. ಅದು ದೂರಲ್ಲ, ಹೆಮ್ಮೆ. ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಹುಡುಗಿ ಹಳೆಯ ಎರಡು ವಿಷಯಗಳನ್ನೂ ಕಟ್ಟಿ ಪಾಸು ಮಾಡಿದಳು. ಆಮೇಲಿನ ಸೆಮಿಸ್ಟರುಗಳಲ್ಲಿ ಅವಳದೇ ಮೇಲುಗೈ. ಇತಿಹಾಸದ ಪುಸ್ತಕದಲ್ಲಿ ಪ್ರತಿ ಯುದ್ಧಕ್ಕೂ ಕಾರಣಗಳು ಅಂತ ಒಂದು ಪಟ್ಟಿ, ಕೊನೆಯಲ್ಲಿ ತಕ್ಷಣದ ಕಾರಣ ಅಂತ ಒಂದು ಇರುತ್ತದೆ. ಎಲ್ಲರೂ ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ತಕ್ಷಣದ ಕಾರಣ ಇಲ್ಲದೇ ಹೋಗಿದ್ದರೆ ಯುದ್ಧ ಆಗುತ್ತಿರಲಿಲ್ಲವಾ ಎಂದು ಇವಳೊಬ್ಬಳು ಕೇಳಿದಳು. ಆಗುತ್ತಿತ್ತು, ಅದು ಬರೀ ನೆಪ, ಅದಲ್ಲದಿದ್ದರೆ ಇನ್ನೊಂದು ನೆಪ ಸಿಗುತ್ತಿತ್ತು ಎಂದೆ. ಹುಲ್ಲು ಒಣಗಿ ನಿಂತಿರುವಾಗ ಕಡ್ಡಿ ಗೀರಿದ್ದು ಯಾರು ಎಂದು ಹುಡುಕುವುದರಲ್ಲಿ ಏನಿದೆ, ಹುಲ್ಲು ಒಣಗಿದ್ದು ಯಾಕೆ ಎಂದು ಕೇಳಬೇಕು ಎಂದೆ. ಅವತ್ತು ಬಸ್ಸಿನಲ್ಲಿ ಕೂತಾಗ ನನಗೆ ನನ್ನ ಮೇಲೆಯೇ ಪ್ರೀತಿ ಬಂದಿತ್ತು. ಇಂಥ ಒಬ್ಬಳು ಸಿಕ್ಕರೆ ಸಾಕು, ಉಳಿದವರ ತಲೆಯಾಡಿಸುವಿಕೆಯನ್ನೆಲ್ಲ ಸಹಿಸಬಹುದು ಎನ್ನಿಸಿತ್ತು.

ಕೊನೆಯ ಸೆಮಿಸ್ಟರು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಅವಳಿಗೆ ಕಿರುಪರೀಕ್ಷೆ ಇತ್ತು. ಅವಳ ಬಸ್ಸು ಇನ್ನೂ ಬಂದಿರಲಿಲ್ಲ. ತಲೆ ಬಾಚಿಕೊಳ್ಳುತ್ತಿದ್ದವಳಿಗೆ ಅಂಗಳದಲ್ಲಿ ಅಪ್ಪ ಟಿವಿಎಸ್ ಸ್ಟಾರ್ಟ್ ಮಾಡುವ ಸದ್ದು ಕೇಳಿಸಿತು. ಕಾಲೇಜಿನವರೆಗೂ ಬಿಡುತ್ತಾನೋ ಎಂದು ಬಾಚಣಿಗೆ ಹಿಡಿದೇ ಓಡಿಬಂದು, ಅಪ್ಪಾ ಎಲ್ಲಿಗೋಯ್ತಾ ಇದೀಯಾ ಎಂದು ಕೂಗಿದಳು. ಒಳಗಿನಿಂದ ಅಜ್ಜಿ ಏಯ್ ಎಂದು ಗದರಿದಳು. ಅಪ್ಪ ನಕ್ಕನಂತೆ. ಡಿಗ್ರಿ ಓದಿ ಎಲ್ಲಾ ಮರೆತುಬುಟ್ಳು ನನ್ನ ಮಗಳು ಎಂದನಂತೆ. ಆತ ಹೊರಟಿದ್ದದ್ದು ತಿಪಟೂರಿಗೆ, ಇವಳ ಕಾಲೇಜಿನ ದಾರಿಯಲ್ಲ. ಆದರೂ ಅಜ್ಜಿಯ ಸಮಾಧಾನಕ್ಕೆ ಗಾಡಿ ನಿಲ್ಲಿಸಿ, ಒಳಗೆ ಬಂದು, ಜಗಲಿಯ ಮೇಲೆ ಕೂತ. ಇವಳೇ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಕುಡಿದು, ಬತ್ತೀನಿ ಕಣವ್ವಾ ಎಂದು ಹೊರಟ. ಇವಳು ಬಸ್ಸು ಹಿಡಿದು ಕಾಲೇಜಿಗೆ ಬಂದಳು. ತಿಪಟೂರಿನ ರಸ್ತೆಯ ಒಂದು ತಿರುವಿನಲ್ಲಿ ತೆಂಗಿನ ನಾರು ತುಂಬಿದ ಲಾರಿ ಎದುರಿಗೆ ಬಂತು. ಆಸ್ಪತ್ರೆಗೆ ಒಯ್ಯುವಂಥದ್ದೇನೂ ಉಳಿದಿರಲಿಲ್ಲ ಎಂದು ಜನ ಹೇಳಿದರು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಆಮೇಲೆ. ಅವತ್ತು ಪರೀಕ್ಷೆ ಬರೆಯುತ್ತಿದ್ದವಳನ್ನು ಹೊರಗೆ ಕರೆದು ಸುದ್ದಿ ಮುಟ್ಟಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಎಷ್ಟು ಸುತ್ತಿ ಬಳಸಿದರೂ ಸತ್ತದ್ದನ್ನು ಸತ್ತದ್ದು ಎಂದೇ ಹೇಳಬೇಕಲ್ಲ. ಅವಳು ಅಳಲಿಲ್ಲ. ಎಷ್ಟೊತ್ತಿಗೆ ಮೇಡಂ, ಎಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ. ಗಾಬರಿಗೆ ಏನೋ ಕೇಳುತ್ತಿದ್ದಾಳೆ ಎಂದುಕೊಂಡೆ. ಗೊತ್ತಿದ್ದಷ್ಟು ಹೇಳಿದೆ. ಅವಳು ಗೋಡೆಯ ಗಡಿಯಾರದ ಕಡೆ ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದವಳಂತೆ ನಿಂತು, ಅಲ್ಲೇ ನೆಲಕ್ಕೆ ಕುಸಿದಳು.

ತಿಥಿ ಮುಗಿದ ಮೇಲೂ ಹುಡುಗಿ ಕಾಲೇಜಿಗೆ ಬರಲಿಲ್ಲ. ಫೋನು ತೆಗೆಯಲಿಲ್ಲ. ಪರೀಕ್ಷೆ ಹತ್ತಿರ ಬರುತ್ತಿತ್ತು. ಒಂದು ಭಾನುವಾರ ನಾನೇ ಹೊರಟೆ. ದಂಡಿನಶಿವರದಲ್ಲಿ ಇಳಿದು ಆಟೋ ಹಿಡಿದು ಹೋದೆ. ಅಂಗಳದಲ್ಲಿ ಸುಲಿದ ತೆಂಗಿನ ಸಿಪ್ಪೆ ರಾಶಿ ಬಿದ್ದಿತ್ತು, ಯಾರೂ ಅದನ್ನು ಎತ್ತಿರಲಿಲ್ಲ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು.

"ನೀವೇ ಏನವ್ವ, ನಮ್ಮ ಮಗೀಗೆ ಕೇಳಾದು ಕಲಿಸಿದ್ದು? ಹೊರಟವನ್ನ ಎಲ್ಲಿಗೆ ಅಂತ ಕೇಳಿ ಕಳಿಸ್ಬುಟ್ಳಲ್ಲ ನನ್ನ ಮಗನ್ನ!"

ನನಗೆ ಮೈಯೆಲ್ಲ ಉರಿದುಹೋಯಿತು. ಮಗನನ್ನು ಕಳೆದುಕೊಂಡ ಮುದುಕಿ, ನಿಜ, ಕರುಳು ಬೆಂದಿದೆ, ನಿಜ. ಹಾಗೆಂದು ಲಾರಿಯವನು ಮಾಡಿದ್ದನ್ನು ತಂದು ನನ್ನ ತಲೆಗೆ, ಆ ಮಗುವಿನ ತಲೆಗೆ ಕಟ್ಟುವುದೇ? ನಾನು ಸುಮ್ಮನಿರಲಿಲ್ಲ. ಅಡ್ಡಾದಿಡ್ಡಿ ಓಡಿಸಿದವನನ್ನು ಬಿಟ್ಟು ಮನೆಮಗಳನ್ನು ಕೊಲ್ಲುತ್ತಿದ್ದೀರಲ್ಲ, ನಿಮಗೆ ಪಾಪ ಸುತ್ತಿಕೊಳ್ಳುತ್ತದೆ ಎಂದೆ. ಸಾವಿನ ಮನೆಯಲ್ಲಿ ನಿಂತು ಹಾಗೆ ಮಾತಾಡಬಾರದಿತ್ತು ಎಂದು ಆಮೇಲೆ ಸ್ಟಾಫ್‌ರೂಮಿನಲ್ಲಿ ಕೆಲವರು ಹೇಳಿದರು. ಹೇಳಲಿ. ಈಗಲೂ ಹೋದರೆ ಅದನ್ನೇ ಹೇಳುತ್ತೇನೆ. ಮುದುಕಿ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಹುಡುಗಿಯ ತಾಯಿ ಒಂದು ಲೋಟ ಕಾಫಿ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಆಕೆ ಮಗಳನ್ನು ಒಂದು ಮಾತೂ ಬೈದಿರಲಿಲ್ಲವಂತೆ, ಮಾತನ್ನೇ ಬಿಟ್ಟಿದ್ದಳಂತೆ. ಊಟಕ್ಕೂ ತಟ್ಟೆ ಇಟ್ಟು ಹೋಗುತ್ತಿದ್ದಳಂತೆ.

ಹುಡುಗಿ ನನ್ನನ್ನು ಹಿತ್ತಲಿನ ತೋಟಕ್ಕೆ ಕರೆದುಕೊಂಡು ಹೋದಳು. ಮರಗಳ ಬುಡದಲ್ಲಿ ಬಿದ್ದ ಕಾಯಿಗಳು ಬಿದ್ದಲ್ಲೇ ಇದ್ದವು. ನಾನು ಒಂದೇ ಸಮ ಮಾತಾಡಿದೆ. ಬಸ್ಸಿನ ಕಂಡಕ್ಟರು ದಿನ ಬೆಳಗಾದರೆ ಊರಿನ ಜನರನ್ನೆಲ್ಲ ಎಲ್ಲಿಗೆ ಎಲ್ಲಿಗೆ ಎಂದು ಕೇಳುತ್ತಾನೆ, ಅವರೆಲ್ಲ ಸತ್ತರಾ ಎಂದೆ. ಕಂಡಕ್ಟರು ಮನೆಯವರಲ್ಲ ಮೇಡಂ ಎಂದಳು. ಇದೆಲ್ಲ ಹಳೆಯ ಕಾಲದ ಮೂಢನಂಬಿಕೆ, ನೀನು ಓದಿದವಳು ಎಂದೆ. ಆಗ ಅವಳು ನಿಂತು ನನ್ನ ಮುಖ ನೋಡಿದಳು.

"ನಂಗೂ ನಂಬಿಕೆ ಇಲ್ಲ ಮೇಡಂ. ಶಕುನದ ಮಾತಲ್ಲ ನಾನು ಹೇಳ್ತಿರೋದು. ನಾನು ಕೇಳದೇ ಇದ್ದಿದ್ರೆ ಅಪ್ಪ ಒಳಗೆ ಬಂದು ಕೂರ್ತಿರಲಿಲ್ಲ. ಕೂರದೇ ಇದ್ದಿದ್ರೆ ಲಾರಿ ಬರೋ ಹೊತ್ತಿಗೆ ಆ ತಿರುವು ದಾಟಿ ಎಷ್ಟೋ ದೂರ ಹೋಗಿರ್ತಿದ್ದ. ತಕ್ಷಣದ ಕಾರಣ ನಾನೇ."

ಅದು ನೆಪ ಕಣಮ್ಮಾ, ಕಾರಣ ಅಲ್ಲ ಎಂದೆ. ನನ್ನ ದನಿ ನನಗೇ ಸಾಲದೆನ್ನಿಸಿತು. ಅವಳು ಬಿಡಲಿಲ್ಲ.

"ಯುದ್ಧಕ್ಕಾದ್ರೆ ನೆಪ. ಅಪ್ಪನಿಗೂ ಲಾರಿಗೂ ಏನು ದ್ವೇಷ ಇತ್ತು ಮೇಡಂ? ಇಲ್ಲಿ ಯಾವ ಹುಲ್ಲು ಒಣಗಿತ್ತು?"

ಇಂಥ ತಲೆಯನ್ನು ನಾನು ಎಲ್ಲೂ ನೋಡಿಲ್ಲ. ಆ ತಲೆಯೇ ಅವಳನ್ನು ತಿನ್ನುತ್ತಿತ್ತು. ಪೆದ್ದಿಯಾಗಿದ್ದರೆ ಅಪಶಕುನ ಎಂದು ಅತ್ತು, ಯಾವುದೋ ದೇವರಿಗೆ ಹರಕೆ ಕಟ್ಟಿಕೊಂಡು, ನಿಧಾನಕ್ಕೆ ಮರೆಯುತ್ತಿದ್ದಳೇನೋ. ಇವಳು ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಾಕಿಕೊಂಡು, ನೀರಿನ ಚೊಂಬಿನವರೆಗೂ ಬಂದು ನಿಂತಿದ್ದಳು. ಇದಕ್ಕೆ ನೋಡಿಕೊಂಡು ಬಂದು ಹೇಳುತ್ತೇನೆ ಎನ್ನಲೂ ಆಗಲಿಲ್ಲ. ಅವಳನ್ನು ತಬ್ಬಿಕೊಂಡೆ. ಮರದ ಕಾಂಡವನ್ನು ತಬ್ಬಿದ ಹಾಗೆ ಬಿಗಿದುಕೊಂಡು ನಿಂತಿದ್ದಳು. ನನಗೇ ಅಳು ಬಂತು.

ಆದರೂ ನಾನು ಬರಿಗೈಯಲ್ಲಿ ಬರಲಿಲ್ಲ. ಈ ಒಂದು ಪರೀಕ್ಷೆ ಬರೆದುಬಿಟ್ಟರೆ ಡಿಗ್ರಿ ಕೈಗೆ ಬರುತ್ತದೆ, ಈ ವರ್ಷವೇ ಬಿ.ಎಡ್. ಸೇರಬಹುದು, ನಿಮ್ಮ ಮಗನ ಆಸೆ ಅದೊಂದೇ ಇತ್ತಲ್ಲ ಎಂದು ಮುದುಕಿಯ ಕಾಲ ಬಳಿ ಕೂತು ಹೇಳಿದೆ. ಬೈದವಳೇ ಬೇಡಿಕೊಂಡೆ, ನನಗೇನೂ ನಾಚಿಕೆಯಾಗಲಿಲ್ಲ. ಕೊನೆಗೆ ಮುದುಕಿ ಒಪ್ಪಿದಳು. ಇದೊಂದು ಸಲ ಬರೆದುಬರಲಿ, ಬಾಯಿ ಮುಚ್ಕೊಂಡು ಹೋಗಿ ಬಾಯಿ ಮುಚ್ಕೊಂಡು ಬರಲಿ ಎಂದಳು. ಪಾಸಾದರೆ ಮುಂದಿನ ಮಾತು, ಇಲ್ಲದಿದ್ದರೆ ಆಮೇಲೆ ಓದು ಗೀದು ಎಂದರೆ ಮನೆಗೆ ಸೇರಿಸುವುದಿಲ್ಲ ಎಂದಳು. ನನಗೆ ಅಷ್ಟು ಸಾಕಿತ್ತು. ಪ್ರಿನ್ಸಿಪಾಲರು ಯಾರ್ಯಾರನ್ನೋ ಹಿಡಿದು ಹಾಜರಿಯ ತೊಡಕು ಬಿಡಿಸಿಕೊಟ್ಟರು. ಅವರ ಮೇಲೆ ನಾನು ಎಷ್ಟೇ ಕೂಗಾಡಿರಲಿ, ಆ ಉಪಕಾರ ಮರೆಯುವುದಿಲ್ಲ.

ಹುಡುಗಿ ಪರೀಕ್ಷೆಗೆ ಬಂದಳು. ಯಾರ ಜೊತೆಯೂ ಮಾತಿಲ್ಲ. ಗೆಳತಿಯರು ನೋಟ್ಸ್ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ತಲೆಯಾಡಿಸುತ್ತಿದ್ದಳು. ಓದಿದ್ದು ಅರ್ಥವಾಗುತ್ತಿದೆಯಾ ಎಂದರೆ, "ಆಯ್ತು ಮೇಡಂ." ಬೇರೆ ವಿಷಯಗಳನ್ನು ಚೆನ್ನಾಗಿಯೇ ಬರೆದಳು. ಕೊನೆಯದು ಇತಿಹಾಸ. ಅವಳಿಗೆ ನೀರು ಕುಡಿದಷ್ಟು ಸುಲಭದ ವಿಷಯ. ನನಗೆ ಚಿಂತೆಯೇ ಇರಲಿಲ್ಲ.

ನಮ್ಮ ವಿಷಯದ ಪರೀಕ್ಷೆಯ ದಿನ ನಮ್ಮನ್ನು ಕೊಠಡಿಯ ಹತ್ತಿರಕ್ಕೂ ಬಿಡುವುದಿಲ್ಲ. ಮೇಲ್ವಿಚಾರಣೆಗೆ ಬೇರೆ ಕಾಲೇಜಿನ ಒಬ್ಬ ಹೊಸಬರು ಬಂದಿದ್ದರು. ಅದೇ ಕೊಠಡಿಯಲ್ಲಿ, ಹಿಂದಿನ ವರ್ಷಗಳಲ್ಲಿ ಫೇಲಾಗಿ ಮತ್ತೆ ಕಟ್ಟಿದ ಹುಡುಗರೂ ಇದ್ದರು. ಅವರಿಗೆ ಹಳೆಯ ಸಿಲಬಸ್ಸಿನ ಪ್ರಶ್ನೆಪತ್ರಿಕೆ, ಇವರಿಗೆ ಹೊಸದು. ನಾನು ಸ್ಟಾಫ್‌ರೂಮಿನಲ್ಲಿ ಕೂತು ಇವಳು ಈಗ ಯಾವ ಪ್ರಶ್ನೆ ಬರೆಯುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ಬೆಲ್ ಹೊಡೆದದ್ದೇ ಕಾರಿಡಾರಿಗೆ ಓಡಿದೆ. ಹುಡುಗರು ಗಲಗಲ ಮಾತಾಡುತ್ತಾ ಬಂದರು, ಪೇಪರ್ ಈಸಿ ಇತ್ತು ಮೇಡಂ ಎಂದರು. ಇವಳು ಕೊನೆಯಲ್ಲಿ ಬಂದಳು. ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯನ್ನು ಇಸಿದುಕೊಂಡು ನೋಡಿದೆ. ಅದು ಹಳೆಯದು. ಅವಳು ಓದಿಯೇ ಇರದ ಪಾಠಗಳದ್ದು.

ಗೊತ್ತಾಗಲಿಲ್ಲವಾ ಎಂದು ಕಿರುಚಿದೆ. ಮೊದಲನೇ ಪ್ರಶ್ನೆ ಓದಿದಾಗಲೇ ಗೊತ್ತಾಯಿತು ಎಂದಳು.

ಆಫೀಸಿಗೆ ಓಡಿದೆ. ಉತ್ತರಪತ್ರಿಕೆಗಳ ಕಟ್ಟನ್ನು ಆಗಲೇ ಬಟ್ಟೆಯಲ್ಲಿ ಸುತ್ತಿ ಹೊಲಿಯುತ್ತಿದ್ದರು. ಆ ಹೊಸಬರು ಬೆವೆತುಹೋದರು. ಒಂದು ಮಾತು ಹೇಳಿದ್ದರೆ ಬದಲಾಯಿಸಿ ಕೊಡುತ್ತಿದ್ದೆನಲ್ಲ ಮೇಡಂ, ಹೊಸ ಪತ್ರಿಕೆ ಮಿಕ್ಕಿತ್ತು, ಮೇಜಿನ ಮೇಲೇ ಇತ್ತು ಎಂದರು. ಪ್ರಿನ್ಸಿಪಾಲರು ಯೂನಿವರ್ಸಿಟಿಗೆ ಫೋನು ಹಚ್ಚಿದರು. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಮೂರು ಗಂಟೆ ಕೂತು ಬರೆದಿದ್ದಾಳೆ, ತನಗೆ ಕೊಟ್ಟ ಪತ್ರಿಕೆಯ ಮುಂದೆ ಸಹಿ ಹಾಕಿದ್ದಾಳೆ, ಈಗ ಏನೂ ಮಾಡಲಾಗುವುದಿಲ್ಲ, ಮುಂದಿನ ಸಲ ಕಟ್ಟಲಿ ಎಂದರು ಕೊನೆಗೆ. ಮುಂದಿನ ಸಲ! ಮುದುಕಿ ಕೊಟ್ಟದ್ದು ಒಂದೇ ಸಲ. ಫೋನಿನ ಆಚೆಯವರಿಗೆ ಅದನ್ನು ಹೇಗೆ ಹೇಳುವುದು?

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವಳು ಒಬ್ಬಳೇ ಕೂತಿದ್ದಳು. ನಾನು ಪಕ್ಕದಲ್ಲಿ ಕೂರಲಿಲ್ಲ, ಎದುರಿಗೇ ನಿಂತೆ. ಗೊತ್ತಿದ್ದೂ ಯಾಕೆ ಕೇಳಲಿಲ್ಲ, ಕೈ ಎತ್ತಿ ಒಂದು ಮಾತು ಹೇಳುವುದಕ್ಕೆ ಏನಾಗಿತ್ತು ನಿನಗೆ ಎಂದೆ.

"ಎತ್ತಿದೆ ಮೇಡಂ. ಪೇಪರ್ ಕೊಟ್ಟು ಆ ಸರ್ ಬಾಗಿಲ ಕಡೆ ಹೊರಟಿದ್ರು, ಹೊರಗೆ ಯಾರೋ ಕರೀತಿದ್ರು ಅವರನ್ನ. ನಾನು ಕೇಳಿದ್ರೆ ಅವರು ವಾಪಸ್ ಬರಬೇಕಾಗ್ತಿತ್ತು." ಚೀಲವನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು: "ಹೊರಟೋರನ್ನ ನಾನು ಇನ್ನೊಂದು ಸಲ ವಾಪಸ್ ಕರೆಯಲ್ಲ ಮೇಡಂ. ಕೈ ಇಳಿಸ್ಬುಟ್ಟೆ. ಅವರು ಒಳಗೆ ಬಂದ್ಮೇಲೂ ಅದು ಏಳಲಿಲ್ಲ."

ಬಸ್ಸು ಬಂತು, ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಮುಂದಿನ ಪರೀಕ್ಷೆಗೆ ಅವಳು ಕಟ್ಟಲಿಲ್ಲ.